ಒದ್ದೆಯಾದ ಲಂಗ, ಹದಿನೆಂಟು ಗಂಟೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ತಾಯಿಯನ್ನು 'ಸ' ಎನ್ನೋಣ. ವಯಸ್ಸು 24, ಚೊಚ್ಚಲ ಬಸಿರು. 30 ವಾರ 4 ದಿನ ತುಂಬಿದ್ದಾಗ ರಾತ್ರಿ ಎರಡರ ಸುಮಾರಿಗೆ ಲಂಗ ಒದ್ದೆಯಾಯಿತು. ಮೂತ್ರ ಜಾರಿರಬೇಕೆಂದು ಬಟ್ಟೆ ಬದಲಾಯಿಸಿ ಮಲಗಿದರು. ಬೆಳಿಗ್ಗೆ ಎದ್ದು ನಿಂತ ಕೂಡಲೇ ಮತ್ತೆ ತೊಡೆಗುಂಟ ಇಳಿಯಿತು. ನಾಚಿಕೆಗೆ ಯಾರ ಹತ್ತಿರವೂ ಹೇಳಲಿಲ್ಲ. ರಾತ್ರಿ ಎಂಟಕ್ಕೆ ಗಂಡ ಕೆಲಸದಿಂದ ಬಂದ ಮೇಲೆ ವಿಷಯ ಹೊರಬಿತ್ತು, ಆಶಾ ಕಾರ್ಯಕರ್ತೆ 108 ಕರೆಸಿದರು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಗುವಿನ ಶ್ವಾಸಕೋಶ ಬಲಿಯಲೆಂದು ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ. ಮೊದಲ ಚುಚ್ಚುಮದ್ದು ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಬೆರಳು ಹಾಕಿ ಪರೀಕ್ಷಿಸದೆ ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಒಳಗೆ ನೋಡುವ ಉಪಕರಣ) ಇಟ್ಟು ನೋಡಿದರು (ನೀರು ಒಡೆದಾಗ ಬೆರಳು ಹಾಕಿದಷ್ಟೂ ಸೋಂಕು ಮೇಲೇರುವ ಭಯ). ಕೆಮ್ಮಿಸಿದಾಗ ಗರ್ಭಕೊರಳಿನಿಂದ ನೀರು ಇಳಿದದ್ದು ಕಣ್ಣಿಗೇ ಕಂಡಿತು. 12 ಗಂಟೆಗೊಂದರಂತೆ ಉಳಿದ ಮೂರು ಡೋಸ್ ಡೆಕ್ಸಾ, ಸೋಂಕು ತಡೆಯಲು ಎರಿತ್ರೋಮೈಸಿನ್ 250 ಮಿ.ಗ್ರಾಂ. ದಿನಕ್ಕೆ ನಾಲ್ಕು ಬಾರಿ. ಒಂಬತ್ತನೆಯ ದಿನ ನೋವು ತಾನಾಗಿಯೇ ಬಂತು. ಮಗುವಿನ ಮಿದುಳಿನ ರಕ್ಷಣೆಗೆಂದು ಮೆಗ್ನೀಸಿಯಂ ಸಲ್ಫೇಟ್ ಹಾಕಿದರು. ಹೆಣ್ಣುಮಗು, 1,540 ಗ್ರಾಂ. ಎರಡು ದಿನ ಸಿಪ್ಯಾಪ್ (ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರ) ಸಾಕಾಯಿತು.

ನಮ್ಮ ಹತ್ತಿರ ಆಪ್ತಸಲಹೆಗೆ ಕಳಿಸಿದ್ದು ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸಿಸ್ಟರ್, ಹೆರಿಗೆಯಾದ ಐದನೆಯ ದಿನ. ಚೀಟಿಯಲ್ಲಿ ಬರೆದಿದ್ದು ಇಷ್ಟೇ: 'ಹಾಲು ಸರಿಯಾಗಿ ಹಿಂಡುತ್ತಿಲ್ಲ. ಮಗು ನೋಡಲು ಬರುತ್ತಿಲ್ಲ.'

ಅತ್ತೆಯೂ ಜೊತೆಗಿದ್ದರು. "ಬೇಡಾ ಅಂದ್ರೂ ತವರಿಗೆ ಬಸ್ಸಲ್ಲಿ ಹೋಗಿಬಂದ್ಲು. ಕುಲುಕಾಡಿ ನೀರು ಒಡೀತು" ಎಂಬುದು ಅವರ ವಾದ. ಪರಂಗಿಹಣ್ಣಿನ ಮೇಲೂ ಒಂದು ದೂರಿತ್ತು. ಸ ಬಾಯಿ ಬಿಟ್ಟದ್ದು ಅತ್ತೆ ಟೀ ತರಲು ಹೋದ ಮೇಲೆ: "ಬಸ್ಸಿಂದಲ್ಲ ಮೇಡಂ. ರಾತ್ರಿನೇ ಹೇಳ್ಬೇಕಿತ್ತು. ಅವಳ ಮುಖ ನೋಡೋಕಾಗಲ್ಲ ನಂಗೆ."

'ನಿಮ್ಮದೇನೂ ತಪ್ಪಿಲ್ಲ' ಎಂದು ಮುಗಿಸಿಬಿಡುವುದು ಸುಲಭ. ಆದರೆ ಆ ಹದಿನೆಂಟು ಗಂಟೆ ತಾಯಿಗೆ ಗೊತ್ತಿದೆ. ಹಾಗೆಂದರೆ ಅವರು ನಮ್ಮನ್ನು ನಂಬುವುದಿಲ್ಲ. ಈ ಪ್ರಕರಣದಲ್ಲಿ ನಾವು ಎರಡನ್ನು ಬೇರೆಬೇರೆ ಮಾಡಿದೆವು: ನೀರು ಒಡೆದದ್ದು ಒಂದು, ಹೇಳಲು ತಡವಾದದ್ದು ಇನ್ನೊಂದು.

ಒಡೆದದ್ದಕ್ಕೆ ಸ ಕಾರಣರಲ್ಲ. ಮೂತ್ರನಾಳ ಅಥವಾ ಯೋನಿಯ ಸೋಂಕು, ಅವಳಿ ಮಕ್ಕಳು, ನೀರು ಅತಿಯಾಗಿ ತುಂಬಿಕೊಳ್ಳುವುದು, ನಡುನಡುವೆ ರಕ್ತಸ್ರಾವ, ಗಿಡ್ಡವಾದ ಗರ್ಭಕೊರಳು, ಹಿಂದೊಮ್ಮೆ ಹೀಗೇ ಆಗಿದ್ದು, ಧೂಮಪಾನ ಇವೆಲ್ಲ ಮಗುವಿನ ಸುತ್ತಲ ನೀರಿನ ಪೊರೆ ಬೇಗ ಒಡೆಯುವ ಸಂಭವ ಹೆಚ್ಚಿಸುತ್ತವೆ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಬಸ್ಸು, ಒಂದು ಹೋಳು ಹಣ್ಣು ಈ ಪಟ್ಟಿಯಲ್ಲಿಲ್ಲ. ಇದನ್ನು ಅತ್ತೆಯ ಎದುರಿಗೇ ಹೇಳಿದೆವು, ಸೊಸೆಯ ಬೆನ್ನ ಹಿಂದೆ ಅಲ್ಲ.

ತಡವಾದದ್ದು ನಿಜ, ಅದರಿಂದ ಅಪಾಯ ಹೆಚ್ಚುವುದೂ ನಿಜ. ನೀರು ಒಡೆದ ಮೇಲೆ ಅರ್ಧಕ್ಕರ್ಧ ಮಂದಿಗೆ ಒಂದು ವಾರದೊಳಗೆ ಹೆರಿಗೆಯಾಗಿಬಿಡುತ್ತದೆ. ಶ್ವಾಸಕೋಶ ಬಲಿಯಲು ಕೊಡುವ ಚುಚ್ಚುಮದ್ದಿಗೆ ಸಮಯವೇ ಆಧಾರ. ಹಾಗಾಗಿ ಕೇಸ್‌ಶೀಟ್ ಬಿಡಿಸಿ ತೋರಿಸಿದೆವು: ನಾಲ್ಕು ಡೋಸ್‌ಗೂ ಟಿಕ್ ಇದೆ, ಜ್ವರ 100.4 ದಾಟಿಲ್ಲ, ನಾಡಿ ನೂರರೊಳಗೆ, ನೀರಿಗೆ ಕೆಟ್ಟ ವಾಸನೆಯಿಲ್ಲ, ಮಗುವಿನ ರಕ್ತದಲ್ಲಿ ಸೋಂಕಿಲ್ಲ. ಈ ಸಲ ತಡದ ಪೆಟ್ಟು ಬಿದ್ದ ಗುರುತು ಕಾಣುತ್ತಿಲ್ಲ. ಸ ಟಿಕ್ಕುಗಳ ಮೇಲೆ ಬೆರಳಿಟ್ಟು ಎರಡು ಸಲ ಎಣಿಸಿದರು.

ಆಮೇಲೆ ಹಾಲಿನ ಮಾತು. ದಿನಕ್ಕೆ ಮೂರು ಸಲ ಹಿಂಡಿ ಸಿಗುತ್ತಿದ್ದದ್ದು 60 ಮಿ.ಲೀ. ಮಗುವಿಗೆ ನಳಿಗೆಯಲ್ಲಿ ಎರಡು ಗಂಟೆಗೊಮ್ಮೆ 15 ಮಿ.ಲೀ., ಅಂದರೆ ದಿನಕ್ಕೆ 180 ಬೇಕು. ಹಾಲು ಇಳಿಯದ್ದಕ್ಕೆ ಕೊರಗಿಗಿಂತ ಲೆಕ್ಕವೇ ಕಾರಣ: ಮೊಲೆ ಖಾಲಿಯಾದಷ್ಟೂ ಹಾಲು ಹುಟ್ಟುತ್ತದೆ. ದಿನಕ್ಕೆ 8ರಿಂದ 10 ಸಲ, ಅದರಲ್ಲಿ ಒಂದು ನಡುರಾತ್ರಿ ಕಳೆದ ಮೇಲೆ ಆಗಲೇಬೇಕು. ಕೈ ತೊಳೆದು, ಕುದಿಸಿದ ಬಟ್ಟಲು ಹಿಡಿದು, ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಸುಮಾರು ಮೂರು ಸೆಂ.ಮೀ. ಹಿಂದೆ. ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳು ಕೂಡಿಸಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು. ಸ ತೊಟ್ಟನ್ನೇ ಎಳೆಯುತ್ತಿದ್ದರು, ನೋವಾಗಿ ಬಿಟ್ಟುಬಿಡುತ್ತಿದ್ದರು. ಮೊದಲ ನಿಮಿಷ ಏನೂ ಬರದಿದ್ದರೂ ನಿಲ್ಲಿಸಬಾರದು. ಹಿಂಡಿದ್ದು ಹೊರಗೆ 4 ಗಂಟೆ, ಫ್ರಿಜ್‌ನಲ್ಲಿ 24 ಗಂಟೆ ಇರುತ್ತದೆ.

ಇನ್ನೊಂದು ವಿಷಯ ಅಕಸ್ಮಾತ್ ಹೊರಬಂತು. 'ಬಾಣಂತಿಗೆ ಶೀತ' ಎಂದು ಅತ್ತೆ ದಿನಕ್ಕೆ ಎರಡೇ ಲೋಟ ನೀರು ಕೊಡುತ್ತಿದ್ದರು. ಬಿಸಿನೀರೇ ಕೊಡಿ, ಜೀರಿಗೆ ಹಾಕಿ ಕುದಿಸಿಯೇ ಕೊಡಿ, ಆದರೆ ದಾಹ ತೀರುವಷ್ಟು ಕೊಡಿ ಎಂದೆವು. ಮಗುವಿಗೆ ಜೇನು, ಬಜೆ, ಸಾಂಬ್ರಾಣಿ ಹೊಗೆ ಮೂರೂ ಬೇಡ.

ಅತ್ತೆಯನ್ನು ಗದರಿಸಿದರೆ ಮನೆಗೆ ಹೋದ ಮೇಲೆ ಅದರ ಬಡ್ಡಿ ಕಟ್ಟುವವಳು ಸೊಸೆ. ಅವರಿಗೂ ಒಂದು ಕೆಲಸ ಕೊಟ್ಟೆವು: ಕಾಂಗರೂ ಆರೈಕೆ, ಅಂದರೆ ಮಗುವನ್ನು ಬರಿಯ ಎದೆಗೆ ಚರ್ಮ ತಾಗುವಂತೆ ಅಪ್ಪಿ ಹಿಡಿಯುವುದು. ಮಗುವಿಗೆ ಟೋಪಿ, ಕಾಲುಚೀಲ, ಡಯಾಪರ್ ಮಾತ್ರ. ಎದೆಯ ನಡುವೆ ನೆಟ್ಟಗೆ, ತಲೆ ಒಂದು ಪಕ್ಕಕ್ಕೆ ತಿರುಗಿಸಿ ತುಸು ಎತ್ತಿ, ಕಾಲು ಕಪ್ಪೆಯ ಹಾಗೆ ಮಡಿಸಿ, ಮೇಲಿಂದ ಬಟ್ಟೆ ಕಟ್ಟುವುದು. ಮಗುವಿನ ಗದ್ದ ಅದರದೇ ಎದೆಗೆ ಬಿದ್ದರೆ ಉಸಿರು ಕಟ್ಟುತ್ತದೆ, ಅದನ್ನೇ ನೋಡುತ್ತಿರಬೇಕು. ಒಮ್ಮೆ ಎತ್ತಿಕೊಂಡರೆ ಒಂದು ಗಂಟೆಗೆ ಕಮ್ಮಿ ಬೇಡ. ತಾಯಿ ಹಾಲು ಹಿಂಡುವಾಗ, ನಿದ್ದೆ ಮಾಡುವಾಗ ಅಜ್ಜಿಯೋ ಅಪ್ಪನೋ ಎತ್ತಿಕೊಳ್ಳಬಹುದು. ಮೊದಲ ದಿನ ಕುಪ್ಪಸ ಬಿಚ್ಚಲು ಹಿಂಜರಿದ ಅಜ್ಜಿ ಎರಡನೆಯ ದಿನ ಒಂದೂವರೆ ಗಂಟೆ ಅಲುಗಾಡದೆ ಕೂತರು.

ಹೆರಿಗೆಯಾದ ಹತ್ತನೆಯ ದಿನ ಹಾಲು 260 ಮಿ.ಲೀ.

ತಾಯಿ ಕಾರ್ಡಿನ ಹಿಂದೆ ಬರೆದುಕೊಟ್ಟದ್ದು: ಲಸಿಕೆ ಹುಟ್ಟಿದ ದಿನದಿಂದಲೇ ಲೆಕ್ಕ; ಕೂರುವುದು, ನಡೆಯುವುದಕ್ಕೆ, ಮೊದಲೇ ಹುಟ್ಟಿದ ಎಂಟು ವಾರ ಕಳೆದು ಲೆಕ್ಕ. 34 ವಾರಕ್ಕೆ ಮೊದಲು ಅಥವಾ 2 ಕೆ.ಜಿ.ಗಿಂತ ಕಮ್ಮಿ ಹುಟ್ಟಿದ ಮಗುವಿನ ರೆಟಿನಾ (ಕಣ್ಣಿನ ಒಳಪರದೆ) ಪರೀಕ್ಷೆ 30 ದಿನದೊಳಗೆ. ಹಳ್ಳಿ ಕಡೆಯ ಮಕ್ಕಳಿಗಾಗಿ ಕರ್ನಾಟಕದಲ್ಲಿ 2008ರಿಂದ ಕಿಡ್ರಾಪ್ ಯೋಜನೆ ಇದನ್ನು ಮಾಡುತ್ತಿದೆ. ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ ಎಂದು ಈ ಪರೀಕ್ಷೆ ತಪ್ಪಿಸುವವರಿದ್ದಾರೆ. ಮುಂದಿನ ಬಸಿರಿಗೆ ಒಂದೂವರೆ ವರ್ಷವಾದರೂ ಅಂತರ. ಮೊದಲ ಭೇಟಿಯಲ್ಲೇ ಈ ಹೆರಿಗೆಯ ವಿಷಯ ಹೇಳಿ ಮೂತ್ರದ ಕಲ್ಚರ್ (ಸೋಂಕಿದೆಯೇ ಎಂದು ನೋಡುವ ಪರೀಕ್ಷೆ), 16ರಿಂದ 24 ವಾರದ ನಡುವೆ ಗರ್ಭಕೊರಳಿನ ಉದ್ದದ ಸ್ಕ್ಯಾನ್ ಕೇಳಬೇಕು.

ಒದ್ದೆಯಾದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಸ ತಾವೇ ಹೇಳಿದರು: "ಬಿಳಿ ಪ್ಯಾಡ್ ಇಡ್ತೀನಿ, ಟೈಮ್ ಬರ್ಕೋತೀನಿ, ಬಣ್ಣ ವಾಸ್ನೆ ನೋಡ್ತೀನಿ. ಹಸಿರೋ ಕೆಂಪೋ ಬಿಳಿಯೋ, ಏನಿದ್ರೂ ಅವಾಗ್ಲೇ ಹೊರಡ್ತೀನಿ."

"ಎಬ್ಬಿಸು ನನ್ನ" ಎಂದರು ಅತ್ತೆ.