ಆರಾಮಿಲ್ಲ ಅಂತ ಹೇಳು

ನಾನು ಆಪ್ತಸಲಹೆಗಾರ್ತಿ. ಸೈನಿಕರ ಮನೆಯ ಮಕ್ಕಳು ನನ್ನ ಹತ್ತಿರ ಬರುವುದು ಹೆಚ್ಚಾಗಿ ದಸರಾ ಆದಮೇಲೆ. ಪೋಸ್ಟಿಂಗ್ ಆರ್ಡರ್ ಶಾಲೆಯ ಕ್ಯಾಲೆಂಡರ್ ನೋಡಿ ಬರುವುದಿಲ್ಲ, ಅಲ್ವಾ? ಅಪ್ಪ ಫೀಲ್ಡ್ ಏರಿಯಾಗೆ ಹೋದರೆ ಸಂಸಾರ ಜೊತೆಗೆ ಹೋಗುವ ಹಾಗಿಲ್ಲ. ತಾಯಿ ಮಕ್ಕಳನ್ನು ಕಟ್ಟಿಕೊಂಡು ಊರ ಕಡೆ ಬರುತ್ತಾಳೆ. ಇಲ್ಲಿ ಅರ್ಧ ಪಾಠ ಮುಗಿದಿರುತ್ತದೆ. ಒಳ್ಳೆ ಶಾಲೆಯಲ್ಲಿ ಸೀಟು ಸಿಗಲಿ ಎಂದು ಕಾಯುತ್ತಾ ಮಗು ಮನೆಯಲ್ಲೇ ಕೂರುತ್ತದೆ. ಇದೇ ಕತೆ ಮತ್ತೆ ಮತ್ತೆ ಬರುತ್ತಿರುವುದರಿಂದ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹುಡುಗಿಯನ್ನು ಸುಮಾ ಎನ್ನೋಣ. ಏಳನೇ ತರಗತಿ. ಅಪ್ಪ ಹವಾಲ್ದಾರ್. ಬೆಳಗಾವಿ ಕಡೆಯವರು, ಮನೆಗೊಬ್ಬರು ಮಿಲಿಟರಿಯಲ್ಲಿರುವ ಊರು. ಜೋಧಪುರದಲ್ಲಿ ಖಾಸಗಿ ಶಾಲೆಯಲ್ಲಿ ಓದುತ್ತಿದ್ದಳು. ಇಲ್ಲಿಗೆ ಬಂದಮೇಲೆ ಹೊಟ್ಟೆನೋವು ಶುರುವಾಯಿತು. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ನನ್ನ ಹತ್ತಿರ ಕಳಿಸಿದರು.

ಮೊದಲ ಭೇಟಿಯಲ್ಲಿ ತಾಯಿಯೇ ಮಾತಾಡಿದರು. ಹಳೆ ಶಾಲೆ ಫೀಸು ಬಾಕಿ ಅಂತ ಟಿ.ಸಿ. ಕೊಟ್ಟಿಲ್ಲ. ಕೇಂದ್ರೀಯ ವಿದ್ಯಾಲಯದಲ್ಲಿ ಸೀಟು ತುಂಬಿದೆ. ಬೇರೆ ಖಾಸಗಿ ಶಾಲೆ ಕೈಗೆಟುಕಲ್ಲ. ಏಪ್ರಿಲ್‌ವರೆಗೆ ಕಾದರೆ ಆಯಿತು ಎಂದುಕೊಂಡಿದ್ದರು.

ಎರಡನೇ ಭೇಟಿಯಲ್ಲಿ ತಾಯಿಯನ್ನು ಹೊರಗೆ ಕೂರಿಸಿ ಸುಮಾಳನ್ನು ಕೇಳಿದೆ, ನೋವು ಯಾವಾಗ ಜಾಸ್ತಿ ಆಗುತ್ತದೆ ಎಂದು.

'ಸಾಲಿ ಬಿಡೂ ಹೊತ್ತಿಗೆ,' ಎಂದಳು.

'ಯಾವ ಸಾಲಿ? ನೀನು ಹೋಗ್ತಾ ಇಲ್ವಲ್ಲ.'

'ಓಣ್ಯಾಗಿನ ಹುಡುಗ್ರು ಬರ್ತಾರಲ್ರಿ. ಯಾಕ ಹೋಗಿಲ್ಲ ಅಂತ ಕೇಳ್ತಾರ. ಆರಾಮಿಲ್ಲ ಅಂತ ಹೇಳು ಅಂದಾಳ್ರಿ ಮಮ್ಮಿ. ಹೊಟ್ಟಿ ನೋವು ಅಂತ ಹೇಳಾಕತ್ತಿದ್ದೆ. ಈಗ ಖರೇನ ನೋಯಿಸ್ತದ.'

ಸ್ವಲ್ಪ ಹೊತ್ತು ಸುಮ್ಮನಿದ್ದು ತಾನೇ ಮುಂದುವರಿಸಿದಳು. 'ಪಪ್ಪಾಗ ಗೊತ್ತಿಲ್ರಿ. ಫೋನ್ ಹತ್ತಿದಾಗ ಇವತ್ತ ಏನ್ ಕಲಿಸಿದ್ರು ಅಂತ ಕೇಳ್ತಾರ. ಹಳೇ ಪುಸ್ತಕ ನೋಡಿ ಒಂದೊಂದ ಪಾಠದ ಹೆಸರ ಹೇಳ್ತೀನಿ. ಇನ್ನ ಮೂರ ಪಾಠ ಉಳದಾವ್ರಿ. ಆಮ್ಯಾಲ ಏನ್ ಹೇಳ್ಲಿ?'

ಇಷ್ಟು ದಿನ ಆ ಮಗು ಮಾಡುತ್ತಿದ್ದ ಕೆಲಸ ಇದು. ಓಣಿಯವರಿಗೆ ಒಂದು ಸುಳ್ಳು, ಗಡಿಯಲ್ಲಿರುವ ಅಪ್ಪನಿಗೆ ಇನ್ನೊಂದು. ಎರಡೂ ತಾಯಿಯ ಕಾಳಜಿಯಿಂದಲೇ ಬಂದವು. ಗಂಡ ಡ್ಯೂಟಿಯಲ್ಲಿ ಮಕ್ಕಳ ಚಿಂತೆ ಮಾಡಬಾರದು ಎಂದು ಅವರು ಮುಚ್ಚಿಟ್ಟಿದ್ದರು. ಆದರೆ ಲೆಕ್ಕ ಇಟ್ಟುಕೊಂಡು ಸುಳ್ಳು ನಡೆಸಬೇಕಾಗಿದ್ದು ಹನ್ನೆರಡು ವರ್ಷದ ಹುಡುಗಿ.

ಸುಮಾಳ ಒಪ್ಪಿಗೆ ಪಡೆದು ತಾಯಿಯನ್ನು ಒಳಗೆ ಕರೆದೆ. ಎರಡೇ ಸಲಹೆ ಕೊಟ್ಟೆ. ಇವತ್ತು ರಾತ್ರಿ ಫೋನ್ ಹತ್ತಿದರೆ ನೀವೇ ಅವರಿಗೆ ಇದ್ದದ್ದು ಇದ್ದಂತೆ ಹೇಳಿ, ಮಗಳ ಬಾಯಲ್ಲಿ ಹೇಳಿಸಬೇಡಿ. ನಾಳೆ ಬೆಳಿಗ್ಗೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಹೆಸರು ಹಚ್ಚಿ.

ಅವರ ಮುಖ ಕೆಂಪಾಯಿತು. 'ನಿಮ್ಮ ಮಕ್ಕಳನ್ನ ಕಳಸ್ತೀರೇನ್ರಿ ಮೇಡಂ ಅಂಥಾ ಸಾಲಿಗೆ?'

ನ್ಯಾಯವಾದ ಪ್ರಶ್ನೆ. ನನ್ನ ಮಗ ಖಾಸಗಿ ಶಾಲೆಯಲ್ಲೇ ಓದಿದ್ದು, ಅದನ್ನೇ ಹೇಳಿದೆ. ಆದರೆ ಇವರ ಮುಂದಿದ್ದ ಆಯ್ಕೆ ಒಳ್ಳೆ ಶಾಲೆಯೋ ಸಾಧಾರಣ ಶಾಲೆಯೋ ಎಂಬುದಲ್ಲ. ಶಾಲೆಯೋ, ಮನೆಯ ಮೂಲೆಯೋ ಎಂಬುದು. ಅದನ್ನೂ ಹೇಳಿದೆ.

ಅಡ್ಮಿಷನ್ ವಿಷಯ ಆಪ್ತಸಲಹೆಗಾರರ ಕೆಲಸವಲ್ಲ ಎಂದು ಈ ವೃತ್ತಿಯ ಗೆಳೆಯರೊಬ್ಬರು ಆಮೇಲೆ ನನ್ನನ್ನು ತಿದ್ದಲು ನೋಡಿದರು. ಮೊದಲು ಆತಂಕಕ್ಕೆ ಚಿಕಿತ್ಸೆ, ಶಾಲೆ ಆಮೇಲೆ ಎಂಬುದು ಅವರ ವಾದ. ನಾನು ಒಪ್ಪುವುದಿಲ್ಲ. ಹೇಳಲು ಶಾಲೆಯೇ ಇಲ್ಲದ ಮಗುವಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದರೆ ಸಂಜೆ ಓಣಿಯ ಮಕ್ಕಳು ಬಂದಾಗ ಅವಳು ಏನು ಉತ್ತರ ಕೊಡಬೇಕು? ಹಾಗಾಗಿ ಕಾನೂನನ್ನೂ ಸ್ವಲ್ಪ ತಿಳಿದಿಟ್ಟುಕೊಂಡಿದ್ದೇನೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಓದಿ. ಒಂದರಿಂದ ಎಂಟನೇ ತರಗತಿಯ ಮಗು ಊರು ಬದಲಿಸಿ ಬಂದರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರುವ ಹಕ್ಕು ಅದಕ್ಕಿದೆ. ಬೇರೆ ರಾಜ್ಯದಿಂದ ಬಂದರೂ ಇದೆ. ಟಿ.ಸಿ. ತಡವಾಯಿತು ಎಂದು ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ವರ್ಷದ ನಡುವೆ ಬಂದರು ಎಂದೂ ತಳ್ಳುವಂತಿಲ್ಲ. ಅದು 15ನೇ ಸೆಕ್ಷನ್. ಒಂಬತ್ತನೇ ತರಗತಿಯಿಂದ ಈ ಕಾಯ್ದೆಯ ಆಸರೆ ಇಲ್ಲ. ಅಲ್ಲಿ ಟಿ.ಸಿ. ಕೈಗೆ ಬಾರದೆ ಹಳೆ ಊರು ಬಿಡಬೇಡಿ.

ಕೇಂದ್ರೀಯ ವಿದ್ಯಾಲಯದ ಬಗ್ಗೆ ಒಂದು ಮಾತು. 1963ರಲ್ಲಿ ಸೇನೆಯ 20 ರೆಜಿಮೆಂಟಲ್ ಶಾಲೆಗಳನ್ನು ತೆಗೆದುಕೊಂಡೇ ಅವು ಶುರುವಾದವು. ವರ್ಗಾವಣೆಯಾಗುವ ನೌಕರರ ಮಕ್ಕಳಿಗಾಗಿಯೇ ಹುಟ್ಟಿದ ಶಾಲೆಗಳು. ಹಾಗಂತ ಸೈನಿಕನ ಮಗುವಿಗೆ ಯಾವಾಗ ಬೇಕಾದರೂ ಸೀಟು ಖಚಿತ ಎಂದು ಮನೆಯವರು ನಂಬುತ್ತಾರೆ. ಆದ್ಯತೆ ಇರುವುದು ನಿಜ. ಆದರೆ ಹಿಂದೆಯೂ ಕೇಂದ್ರೀಯ ವಿದ್ಯಾಲಯದಲ್ಲೇ ಇದ್ದ ಮಗುವಿಗೆ ದಾರಿ ಸಲೀಸು. ಬೇರೆ ಶಾಲೆಯಿಂದ ಬಂದ ಮಗು ಸೀಟು ಖಾಲಿಯಾಗುವವರೆಗೆ ಕಾಯಬೇಕಾಗುತ್ತದೆ. ಕಾಯಿರಿ, ಅರ್ಜಿ ಹಾಕಿ. ಕಾಯುವುದನ್ನು ಇನ್ನೊಂದು ಶಾಲೆಯಲ್ಲಿ ಕೂತುಕೊಂಡೇ ಕಾಯಬಹುದಲ್ಲ!

ತಾಯಿ ಅವತ್ತು ಸಿಟ್ಟಿನಲ್ಲೇ ಹೋದರು. ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಆದರೆ ಗಂಡನಿಗೆ ಹೇಳಿದ್ದರು. 'ನನಗ ಸುಳ್ಳ ಹೇಳಬ್ಯಾಡ್ರಿ, ಇಲ್ಲಿ ನನಗ ಅದರದ ಜಾಸ್ತಿ ಚಿಂತಿ' ಎಂದರಂತೆ ಅವರು. ಅದೇ ವಾರ ಸುಮಾ ಸರ್ಕಾರಿ ಶಾಲೆ ಸೇರಿದಳು. ಮುಖ್ಯ ಶಿಕ್ಷಕರು ಮೊದಲು ಟಿ.ಸಿ. ಕೇಳಿದರು. ಕಾಯ್ದೆಯ ಪ್ರತಿ ತೋರಿಸಿದ ಮೇಲೆ ಸೇರಿಸಿಕೊಂಡರು.

ಎಲ್ಲಾ ಸರಿಹೋಯಿತು ಎಂದು ಹೇಳಲಾರೆ. ಮನೆಯಲ್ಲಿ ಕನ್ನಡ ಆಡುವ ಹುಡುಗಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಉತ್ತರದ ಊರುಗಳಲ್ಲಿ ಬೆಳೆದ ನಮ್ಮ ಸೈನಿಕರ ಮಕ್ಕಳಲ್ಲಿ ಇದನ್ನು ತುಂಬಾ ನೋಡಿದ್ದೇನೆ. ಒತ್ತಕ್ಷರ ತಪ್ಪಿದಾಗ ಕ್ಲಾಸು ನಕ್ಕಿತು. ಅವಳು ಅತ್ತಳು. ಟೀಚರ್ ಮಧ್ಯಾಹ್ನದ ಊಟ ಆದಮೇಲೆ ನಲಿ-ಕಲಿಯ (ಒಂದರಿಂದ ಮೂರನೇ ತರಗತಿಯ) ಮಕ್ಕಳ ಜೊತೆ ಕೂರಿಸಿ ಅಕ್ಷರ ತಿದ್ದಿಸಿದರು. ಅದನ್ನು ಅವಮಾನ ಎಂದುಕೊಳ್ಳುತ್ತಾಳೇನೋ ಎಂದು ನನಗೆ ಅಳುಕಿತ್ತು. ಅವಳು ಮಾತ್ರ ಚಿಕ್ಕ ಮಕ್ಕಳಿಗೆ ಹಿಂದಿ ಹಾಡು ಕಲಿಸುತ್ತಾ ಕೂತಿದ್ದಳಂತೆ. ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಸೋಮವಾರ ಬೆಳಿಗ್ಗೆ ಈಗಲೂ ಬರುತ್ತದೆ. ಹೊಟ್ಟೆ ನೋಯುತ್ತಿದೆ ಎಂದರೆ ನಂಬಿ, ನಂಬಿಯೂ ಶಾಲೆಗೆ ಕಳಿಸಿ ಎಂದು ತಾಯಿಗೆ ಹೇಳಿದ್ದೇನೆ.

ಕೇಂದ್ರೀಯ ವಿದ್ಯಾಲಯದ ಅರ್ಜಿ ಇನ್ನೂ ಹಾಗೇ ಇದೆ. ಏಪ್ರಿಲ್‌ನಲ್ಲಿ ಸೀಟು ಬಂದರೆ ಹೋಗುವುದೋ ಇಲ್ಲೇ ಇರುವುದೋ ಎಂಬುದನ್ನು ಸುಮಾಳನ್ನೂ ಕೂರಿಸಿಕೊಂಡು, ಅಪ್ಪನ ಫೋನನ್ನು ಸ್ಪೀಕರ್‌ಗೆ ಹಾಕಿ ಮಾತಾಡಿ ಎಂದಿದ್ದೇನೆ.