ಮಗಳು ಆ ಕುರ್ಚಿಯಲ್ಲಿ ಕೂರಲಿ

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರ ಇದು. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರ ಉದ್ದ ಇದೆ, ಮುಖ್ಯ ಭಾಗ ಮಾತ್ರ ಕೊಟ್ಟಿದ್ದೇನೆ.

“ಹಣಕಾಸು ಕಂಪನಿಗಳಲ್ಲಿ ಮೇಲಕ್ಕೆ ಹೋದ ಹೆಂಗಸರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ನನ್ನ ಮಗಳೂ ಅಂಥ ಕೆಲಸದಲ್ಲೇ ಇದ್ದಾಳೆ. ಶಿವಮೊಗ್ಗದಲ್ಲಿ ಬಿ.ಕಾಂ., ಶಂಕರಘಟ್ಟದಲ್ಲಿ ಎಂ.ಬಿ.ಎ. ಮಾಡಿದಳು. ಬೆಂಗಳೂರಲ್ಲಿ ಒಂದು ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಗ್ರಾಹಕರ ದೂರು ಕೇಳುವ ಕೆಲಸದಿಂದ ಶುರು ಮಾಡಿದಳು. ಈಗ ಮೊಬೈಲಲ್ಲಿ ಹಣ ಕಳಿಸುವ ಕಂಪನಿಯಲ್ಲಿದ್ದಾಳೆ. ವಯಸ್ಸು 36. ರಿಸ್ಕ್ ವಿಭಾಗದ ಮುಖ್ಯಸ್ಥೆ ಆಗು ಅಂತ ಕೇಳಿದ್ದಾರೆ. ಜೊತೆಯವರು ‘ಅದು ಮೂಲೆಗೆ ಕೂರಿಸುವ ಹುದ್ದೆ, ವ್ಯಾಪಾರ ತರುವವರೇ ಸಿಇಒ ಆಗೋದು’ ಅಂತಾರಂತೆ. ನಮ್ಮ ಯಜಮಾನರು ‘ಸಾಕು, ಯಾವುದಾದರೂ ಬ್ಯಾಂಕಲ್ಲಿ ನೌಕರಿ ಹಿಡಿದು ಶಿವಮೊಗ್ಗಕ್ಕೆ ಬರಲಿ’ ಅಂತಾರೆ. ನಾಲ್ಕು ವರ್ಷದ ಮಗು ಇದೆ. ದೀಪಾವಳಿಗೆ ಬಂದರೂ ಸಿಗ್ನಲ್ ಸಿಗುವ ಗುಡ್ಡ ಹತ್ತಿ ಲ್ಯಾಪ್‌ಟಾಪ್ ಹಿಡಿದು ಕೂತಿರುತ್ತಾಳೆ. ಅವಳ ಕೆಲಸ ಏನು ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ನಾನು ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡುವವಳು. ಅವಳಿಗೆ ಏನಂತ ಹೇಳಲಿ?”

ಅಕ್ಕಾ, ಒಪ್ಪಿಕೊಳ್ಳಲಿ ಅನ್ನಿ. ಒಂದೆರಡು ಮಾತು ಮೊದಲೇ ಕೇಳಿಕೊಂಡು ಒಪ್ಪಲಿ. ಅದೇನು ಅಂತ ಆಮೇಲೆ ಹೇಳುತ್ತೇನೆ. ಮೊದಲು ಅವಳ ಕೆಲಸದ ವಿಷಯ. ರಿಸ್ಕ್ ಅಂದರೆ ಮೋಸ, ನಷ್ಟದ ಅಪಾಯ. ಅದನ್ನು ಮೊದಲೇ ಅಂದಾಜು ಮಾಡಿ ತಡೆಯುವ ವಿಭಾಗ ಅದು.

ಸಂಘದ ಲೆಕ್ಕ ನೋಡುವವರಿಗೆ ಈ ಕೆಲಸ ಬೇಗ ಅರ್ಥವಾಗುತ್ತದೆ. ಒಬ್ಬಳು ಬಂದು ಇಪ್ಪತ್ತು ಸಾವಿರ ಸಾಲ ಕೇಳುತ್ತಾಳೆ ಅಂದುಕೊಳ್ಳಿ. ಈಗಾಗಲೇ ಎರಡು ಕಡೆ ವಾರದ ಕಂತು ಕಟ್ಟುತ್ತಿದ್ದಾಳೆ ಅಂತ ನಿಮಗೆ ಗೊತ್ತು. ‘ಈಗ ಬೇಡ ಕಣೇ, ಮೊದಲು ಹಳೇದು ತೀರಿಸು’ ಅಂತೀರಿ. ಅವಳು ಮುಖ ದಪ್ಪ ಮಾಡಿಕೊಂಡು ಹೋಗುತ್ತಾಳೆ. ಸಂಘ ಉಳಿಯುತ್ತದೆ, ಅವಳೂ ಉಳಿಯುತ್ತಾಳೆ. ನಿಮ್ಮ ಮಗಳೂ ಇದನ್ನೇ ಮಾಡುತ್ತಾಳೆ. ಆದರೆ ಅವಳು ಮುಖ ನೋಡದ ಲಕ್ಷಾಂತರ ಜನರಿಗೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಹೂಂ ಅಥವಾ ಬೇಡ ಅನ್ನಬೇಕು. ಅದಕ್ಕಾಗಿ ಮೊದಲೇ ನಿಯಮ ಬರೆದಿಡುತ್ತಾಳೆ.

ತೀರ್ಥಹಳ್ಳಿ ಪೇಟೆಯಲ್ಲಿ ತರಕಾರಿ ತಗೊಂಡು ಸ್ಕ್ಯಾನ್ ಮಾಡಿ ನೂರೆಂಬತ್ತು ರೂಪಾಯಿ ಕೊಡುತ್ತೀರಿ. ಆ ಮಾತು ಆ್ಯಪ್‌ನಿಂದ ಅದರ ಹಿಂದಿರುವ ಬ್ಯಾಂಕಿಗೆ, ಅಲ್ಲಿಂದ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐಗೆ ಹೋಗುತ್ತದೆ. ಎನ್‌ಪಿಸಿಐ ನಿಮ್ಮ ಬ್ಯಾಂಕಿಗೆ ಹೇಳಿ ಹಣ ಕಡಿತ ಮಾಡಿಸುತ್ತದೆ, ಅಂಗಡಿಯವರ ಬ್ಯಾಂಕಿಗೆ ಹೇಳಿ ಜಮಾ ಮಾಡಿಸುತ್ತದೆ. ಆಮೇಲೆ ಡಬ್ಬಿ ಕೂಗುತ್ತದೆ. ಯುಪಿಐ ಶುರುವಾಗಿದ್ದು 2016ರ ಏಪ್ರಿಲ್‌ನಲ್ಲಿ. 2025ರ ಆಗಸ್ಟ್ ತಿಂಗಳೊಂದರಲ್ಲೇ ದೇಶದಲ್ಲಿ 2,000 ಕೋಟಿ ಸಲ ಹೀಗೆ ಹಣ ಓಡಾಡಿದೆ. ಇಷ್ಟು ಓಡಾಟದ ನಡುವೆ ಯಾವುದು ನಿಮ್ಮ ಕೈಯಿಂದ ಹೋಗುತ್ತಿರುವ ಹಣ, ಯಾವುದು ನಿಮ್ಮ ಫೋನ್ ಕದ್ದವನು ಕಳಿಸುತ್ತಿರುವ ಹಣ ಅಂತ ಗುರುತಿಸಬೇಕು. ಹೊಸ ಫೋನಲ್ಲಿ ಯುಪಿಐ ಶುರು ಮಾಡಿದರೆ ಮೊದಲ 24 ಗಂಟೆ ₹5,000ಕ್ಕಿಂತ ಜಾಸ್ತಿ ಹೋಗಲ್ಲ ಅಲ್ವಾ? ಸುಮ್ನೆ ತೊಂದರೆ ಅಂತ ನಾವು ಬೈದುಕೊಳ್ಳುತ್ತೇವೆ. ಸಿಮ್ ಕದ್ದವನು ಒಂದೇ ರಾತ್ರಿಯಲ್ಲಿ ಖಾತೆ ಬಳಿದುಕೊಂಡು ಹೋಗದಂತೆ ತಡೆಯುವುದು ಇಂಥ ನಿಯಮವೇ.

ನಮ್ಮ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಹೆಂಗಸೊಬ್ಬರು ಕೆಲವು ವರ್ಷದ ಹಿಂದೆ ಹಳೇ ಮಿಷನ್ ಮಾರಲು ಫೋಟೋ ಹಾಕಿದ್ದರು. ಕೊಳ್ಳುತ್ತೇನೆ ಅಂದವನು ಫೋನ್ ಮಾಡಿ ‘ಮೇಡಂ, ಎರಡು ಸಾವಿರ ಅಡ್ವಾನ್ಸ್ ಕಳಿಸಿದ್ದೀನಿ, ಪಿನ್ ಒತ್ತಿ, ಬರುತ್ತೆ’ ಅಂದ. ಪರದೆ ಮೇಲೆ ₹2,000 ಅಂತ ಕಾಣಿಸಿತು. ಒತ್ತಿದರು. ಬರಬೇಕಾದ ಹಣ ಹೋಯಿತು. ಅವನು ಕಳಿಸಿದ್ದು ಹಣ ಕೊಡಿ ಅನ್ನುವ ಕೋರಿಕೆ, ಅದಕ್ಕೆ ಕಲೆಕ್ಟ್ ರಿಕ್ವೆಸ್ಟ್ ಅಂತಾರೆ. ಎರಡು ಸಾವಿರ ಅಂದರೆ ಅವರಿಗೆ ಎಷ್ಟು ರವಿಕೆ ಹೊಲಿದ ದುಡ್ಡು! ಗಂಡನಿಗೆ ಹೇಳಲೂ ಹೆದರಿ, ಅಂಗಡಿಯ ಬಾಗಿಲು ಹಾಕಿಕೊಂಡು ಕೂತಿದ್ದರು. (ನಿಮ್ಮ ಸಂಘದವರಿಗೆಲ್ಲ ಹೇಳಿಡಿ: ಹಣ ಬರುವುದಕ್ಕೆ ಪಿನ್ ಯಾವತ್ತೂ ಬೇಕಾಗಿಲ್ಲ. ಮೋಸ ಆಯಿತು ಅಂತ ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ತಡ ಮಾಡಿದಷ್ಟೂ ಹಣ ಕೈ ದಾಟುತ್ತದೆ.)

ಹೀಗೆ ಒಬ್ಬರು ಇನ್ನೊಬ್ಬರಿಗೆ ಕೋರಿಕೆ ಕಳಿಸುವ ಸೌಲಭ್ಯವನ್ನೇ ಎನ್‌ಪಿಸಿಐ 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಒಳ್ಳೆಯ ಕೆಲಸಕ್ಕೂ ಅದನ್ನು ಬಳಸುತ್ತಿದ್ದವರು ಇದ್ದರು. ಆದರೂ ಬೇಡ ಅಂತ ತೀರ್ಮಾನವಾಯಿತು. ಇಂಥ ತೀರ್ಮಾನದ ಹಿಂದೆ ರಿಸ್ಕ್ ನೋಡುವವರ ದೂರು, ಅಂಕಿ-ಅಂಶ, ಜಗಳ ಎಲ್ಲ ಇರುತ್ತವೆ. ಹಬ್ಬದ ದಿನ ಅವಳು ಗುಡ್ಡ ಹತ್ತುವುದೂ ಇದಕ್ಕೇ. ಹಬ್ಬದಲ್ಲಿ ವ್ಯಾಪಾರ ಜಾಸ್ತಿ, ಮೋಸವೂ ಜಾಸ್ತಿ.

ಇನ್ನು ಮೂಲೆಯ ಹುದ್ದೆ ಅನ್ನುವ ಮಾತು. ಹತ್ತು ವರ್ಷದ ಹಿಂದೆ ಆಗಿದ್ದರೆ ನಾನೂ ಯೋಚಿಸುತ್ತಿದ್ದೆ. ಆಗ ಎಲ್ಲರಿಗೂ ಗ್ರಾಹಕರ ಸಂಖ್ಯೆ ಏರಿಸುವುದೇ ಮುಖ್ಯವಾಗಿತ್ತು. ಈಗ ಹಾಗಿಲ್ಲ. ಸಾಲದ ಆ್ಯಪ್‌ಗಳು ಜನರ ಫೋನಲ್ಲಿರುವ ನಂಬರುಗಳನ್ನೆಲ್ಲ ಎಳೆದುಕೊಂಡು, ನೆಂಟರಿಷ್ಟರಿಗೆ ಫೋನ್ ಮಾಡಿ ಮರ್ಯಾದೆ ತೆಗೆದ ಕಥೆ ನಮ್ಮ ಜಿಲ್ಲೆಯಲ್ಲೂ ನಡೆದಿದೆ. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ತಂದಿತು. ಸಾಲದ ಹಣ ನೇರವಾಗಿ ಸಾಲಗಾರರ ಖಾತೆಗೇ ಹೋಗಬೇಕು, ಒಟ್ಟು ಖರ್ಚು ಎಷ್ಟು ಅಂತ ಮೊದಲೇ ಬರೆದು ಕೊಡಬೇಕು, ಫೋನಿನ ನಂಬರುಗಳ ಪಟ್ಟಿ ಮುಟ್ಟಬಾರದು ಅಂತ. 2024ರ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಹೊಸ ಠೇವಣಿ ತಗೊಳ್ಳುವುದನ್ನು ನಿಲ್ಲಿಸಬೇಕು ಅಂತ ಆದೇಶ ಬಂತು. ನಿಯಮ ಪಾಲನೆಯಲ್ಲಿ ಲೋಪ ಮುಂದುವರಿದಿದೆ ಅನ್ನುವುದು ಕಾರಣ. ಅವತ್ತಿನಿಂದ ಈ ಕ್ಷೇತ್ರದ ಪ್ರತಿ ಕಂಪನಿಯ ಮಾಲೀಕರಿಗೂ ಒಂದು ವಿಷಯ ಮನದಟ್ಟಾಗಿದೆ. ವ್ಯಾಪಾರ ಕಡಿಮೆಯಾದರೆ ಮುಂದಿನ ತಿಂಗಳು ಸರಿ ಮಾಡಬಹುದು, ನಿಯಮ ತಪ್ಪಿದರೆ ಅಂಗಡಿಯೇ ಮುಚ್ಚಬಹುದು. ಅದನ್ನು ಮೊದಲೇ ನೋಡಿ ಹೇಳುವವರ ಕುರ್ಚಿಯನ್ನು ಮೂಲೆ ಅಂತ ಹೇಗೆ ಕರೆಯುವುದು?

ರಿಸ್ಕ್ ಮುಖ್ಯಸ್ಥರೆಲ್ಲ ಸಿಇಒ ಆಗುತ್ತಾರೆ ಅಂತ ನಾನು ಹೇಳುವುದಿಲ್ಲ. ವ್ಯಾಪಾರ ತರುವವರ ಕಡೆಗೆ ತೂಕ ಇನ್ನೂ ಇದೆ. ಆದರೆ ದಾರಿ ಅದೊಂದೇ ಅಲ್ಲ. ಪ್ರವೀಣಾ ರೈ ಎನ್‌ಪಿಸಿಐನಲ್ಲಿ ದಿನನಿತ್ಯದ ಕಾರ್ಯಾಚರಣೆ ನೋಡುವ ಸಿಒಒ ಆಗಿದ್ದರು. ಅಲ್ಲಿಂದ 2024ರಲ್ಲಿ ಎಂಸಿಎಕ್ಸ್ ಅನ್ನುವ ಸರಕು ವಿನಿಮಯ ಕೇಂದ್ರದ ಮುಖ್ಯಸ್ಥೆಯಾದರು. ಶ್ಯಾಮಲಾ ಗೋಪಿನಾಥ್ ಎಂ.ಕಾಂ. ಓದಿದವರು. ರಿಸರ್ವ್ ಬ್ಯಾಂಕಿನಲ್ಲಿ ಮೇಲೆ ಬಂದು ಡೆಪ್ಯುಟಿ ಗವರ್ನರ್ ಆದರು, ಆಮೇಲೆ ಎಚ್‌ಡಿಎಫ್‌ಸಿ ಬ್ಯಾಂಕಿನ ಅಧ್ಯಕ್ಷರಾದರು. ನಿಯಮ ನೋಡುವ ಕೆಲಸದಿಂದ ಬಂದವರು ಅವರು. ಇನ್ನೊಂದು ದಾರಿ ಉಪಾಸನಾ ಟಾಕು ಹಿಡಿದದ್ದು. ಅಮೆರಿಕದಲ್ಲಿ ಪೇಪಾಲ್ ಅನ್ನುವ ಹಣ ಪಾವತಿ ಕಂಪನಿಯಲ್ಲಿದ್ದವರು ಊರಿಗೆ ಬಂದು, ಮೊಬೈಲಲ್ಲಿ ಹಣ ಕಳಿಸುವ ಮೊಬಿಕ್ವಿಕ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದರು. 2024ರ ಡಿಸೆಂಬರ್‌ನಲ್ಲಿ ಆ ಕಂಪನಿ ಷೇರುಪೇಟೆಗೆ ಬಂತು. ಸ್ವಂತ ಕಂಪನಿ ಕಟ್ಟುವ ದಾರಿ ಎಲ್ಲರಿಗೂ ಆಗಿಬರುವುದಿಲ್ಲ. ದೂರು ಕೇಳುವ ಮೇಜಿನಿಂದ ಹತ್ತಿಬಂದ ನಿಮ್ಮ ಮಗಳಿಗೆ ಮೊದಲಿನ ದಾರಿಯೇ ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ. ಹಣ ಕಳೆದುಕೊಂಡವರ ದನಿ ಕೇಳಿದವಳು ಅವಳು. ಆ ಅನುಭವ ಯಾವ ಕಾಲೇಜಲ್ಲೂ ಸಿಗುವುದಿಲ್ಲ.

ಅವಳು ಆ ಕುರ್ಚಿಯಲ್ಲಿ ಕೂರಬೇಕು ಅಂತ ನಾನು ಇಷ್ಟು ಒತ್ತಿ ಹೇಳಲು ನಮ್ಮೂರಿನದೇ ಕಾರಣ ಒಂದಿದೆ. ಅಡಿಕೆ ಸುಗ್ಗಿಯಲ್ಲಿ ರಾತ್ರಿಯಿಡೀ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವ ಹೆಂಗಸರ ಬೆರಳು ನೋಡಿದ್ದೀರಲ್ಲ? ಕಪ್ಪಾಗಿ, ಬಿರುಕು ಬಿಟ್ಟು, ಗೆರೆಯೇ ಸವೆದಿರುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ತೆಗೆಯಲು ಊರಿನ ಸೇವಾ ಕೇಂದ್ರಕ್ಕೆ ಹೋಗಿ ಬೆರಳು ಒತ್ತಿದರೆ ಯಂತ್ರ ಗುರುತು ಹಿಡಿಯುವುದಿಲ್ಲ. ಇನ್ನೊಂದು ಬೆರಳು, ಮತ್ತೊಂದು ಬೆರಳು. ಸೀರೆ ಸೆರಗಲ್ಲಿ ಒರೆಸಿ ಮತ್ತೆ. ಕೊನೆಗೆ ‘ನಾಳೆ ಬಾ ಅಮ್ಮ’. ಒಂದು ದಿನದ ಕೂಲಿ ಹೋಯಿತು. ಬೆರಳು ಆಗದಿದ್ದರೆ ಮುಖ ನೋಡಿ ಗುರುತಿಸುವ ದಾರಿ ಆಧಾರ್‌ನಲ್ಲಿ ಇದೆ. ಸಾದಾ ಫೋನಿನಿಂದ ಹಣ ಕಳಿಸುವ ಯುಪಿಐ 123ಪೇ 2022ರ ಮಾರ್ಚ್‌ನಲ್ಲೇ ಬಂದಿದೆ. ಆದರೆ ಯಾವ ಕಂಪನಿ ಇವುಗಳನ್ನು ಮುತುವರ್ಜಿಯಿಂದ ತರುತ್ತದೆ, ಯಾವುದು ಆಮೇಲೆ ನೋಡೋಣ ಅನ್ನುತ್ತದೆ ಅನ್ನುವುದು ಮೇಜಿನ ಸುತ್ತ ಯಾರು ಕೂತಿದ್ದಾರೆ ಅನ್ನುವುದರ ಮೇಲಿದೆ. ಮೂರು ಸಲ ಬೆರಳು ತಪ್ಪಿದವರನ್ನು ಕಳ್ಳರು ಅಂತ ಭಾವಿಸಿ ಖಾತೆಗೆ ತಡೆ ಹಾಕುವ ನಿಯಮ ಬರೆಯುವುದು ಸುಲಭ. ‘ಅದು ಕಳ್ಳತನ ಅಲ್ಲ, ಅಡಿಕೆ ಚೊಗರು’ ಅಂತ ಅಲ್ಲಿ ಹೇಳಬಲ್ಲವರು ಎಷ್ಟು ಜನ ಇದ್ದಾರು?

ಈಗ ಅವಳು ಕೇಳಿಕೊಳ್ಳಬೇಕಾದ್ದು. ತಾನು ಯಾರಿಗೆ ವರದಿ ಮಾಡಬೇಕು ಅನ್ನುವುದು ಎಲ್ಲಕ್ಕಿಂತ ಮುಖ್ಯ. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2017ರಲ್ಲೇ ಇದನ್ನು ಹೇಳಿದೆ. ರಿಸ್ಕ್ ಮುಖ್ಯಸ್ಥರಿಗೆ ನಿಗದಿತ ಅವಧಿ ಇರಬೇಕು, ವ್ಯಾಪಾರದ ಟಾರ್ಗೆಟ್ ಇರಬಾರದು, ಅವರು ನೇರವಾಗಿ ಎಂಡಿಗೆ ಇಲ್ಲವೇ ನಿರ್ದೇಶಕ ಮಂಡಳಿಯ ರಿಸ್ಕ್ ಸಮಿತಿಗೆ ವರದಿ ಮಾಡಬೇಕು. ಎಂಡಿಗೆ ವರದಿ ಮಾಡುವುದಾದರೆ, ಮೂರು ತಿಂಗಳಿಗೊಮ್ಮೆಯಾದರೂ ಎಂಡಿ ಇಲ್ಲದೆ ಸಮಿತಿಯವರು ಇವರ ಮಾತು ಕೇಳಬೇಕು. 2019ರಲ್ಲಿ ₹5,000 ಕೋಟಿಗಿಂತ ಹೆಚ್ಚು ಆಸ್ತಿ ಇರುವ ಬ್ಯಾಂಕೇತರ ಹಣಕಾಸು ಕಂಪನಿಗಳಿಗೂ ಇದೇ ರೀತಿ ಹೇಳಿತು. ಅವಳ ಕಂಪನಿ ಈ ಪಟ್ಟಿಯೊಳಗೆ ಬರದೇ ಇರಬಹುದು. ಬರದಿದ್ದರೂ ಇದನ್ನೇ ಮುಂದಿಟ್ಟು ಕೇಳಲಿ. ಮಾರಾಟದ ಮುಖ್ಯಸ್ಥರ ಕೈಕೆಳಗೆ ಕೂರಿಸುತ್ತೇವೆ ಅಂದರೆ ಆಗ ಮಾತ್ರ ಜೊತೆಯವರು ಹೇಳಿದ್ದು ನಿಜ, ಬಿಟ್ಟುಬಿಡಲಿ. ಸಂಬಳದ ಜೊತೆ ಷೇರು ಕೊಡುತ್ತೇವೆ ಅಂದರೆ ಅದು ಎಷ್ಟು ವರ್ಷಕ್ಕೆ ಕೈಗೆ ಬರುತ್ತದೆ, ನಡುವೆ ಬಿಟ್ಟರೆ ಏನಾಗುತ್ತದೆ ಅಂತ ಬರವಣಿಗೆಯಲ್ಲಿ ತಗೊಳ್ಳಲಿ.

ಯಜಮಾನರಿಗೆ ಒಂದು ಮಾತು. ಸರ್ಕಾರಿ ಬ್ಯಾಂಕಿನ ಪ್ರೊಬೇಷನರಿ ಆಫೀಸರ್ ಪರೀಕ್ಷೆಗೆ ವಯಸ್ಸಿನ ಮಿತಿ 30, ಮೀಸಲಾತಿಯಲ್ಲಿ ಇನ್ನೂ ಕೆಲವು ವರ್ಷ ಸಿಗುತ್ತದೆ ಅಷ್ಟೇ. 36ಕ್ಕೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆಯೇ. ಮಗಳು ಹತ್ತಿರ ಇರಲಿ ಅನ್ನುವ ಅವರ ಆಸೆ ನನಗೆ ಅರ್ಥವಾಗುತ್ತದೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈಗ ವಯಸ್ಸಾದವರಿಬ್ಬರೇ ಇದ್ದಾರೆ. ಆದರೆ ಇಷ್ಟು ವರ್ಷ ಕಲಿತದ್ದನ್ನೆಲ್ಲ ಬಿಟ್ಟು ಸಿಕ್ಕಿದ ಕೆಲಸಕ್ಕೆ ಬಾ ಅನ್ನುವುದು ಅವಳ ಮಟ್ಟಿಗೆ ದೊಡ್ಡ ನಷ್ಟ. ಬೇಕಾದರೆ ತಿಂಗಳಲ್ಲಿ ಒಂದು ವಾರ ಶಿವಮೊಗ್ಗದಿಂದ ಕೆಲಸ ಮಾಡುತ್ತೇನೆ ಅಂತ ಈಗಲೇ ಕೇಳಲಿ. ಹುದ್ದೆ ಒಪ್ಪುವ ಮೊದಲು ಕೇಳಿದ್ದು ಸಿಗುವಷ್ಟು ಸುಲಭವಾಗಿ ಆಮೇಲೆ ಸಿಗುವುದಿಲ್ಲ.

ಮಗುವಿನ ವಿಷಯ. ಕಾನೂನಿನ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು. ಅದು ಇದೆಯಾ ಅಂತ ವಿಚಾರಿಸಲಿ. ನಿಮ್ಮ ಪತ್ರದಲ್ಲಿ ಯಜಮಾನರಿದ್ದಾರೆ, ಸಹೋದ್ಯೋಗಿಗಳಿದ್ದಾರೆ, ಮಗು ಇದೆ, ಅಳಿಯನ ಮಾತು ಮಾತ್ರ ಎಲ್ಲೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಅವಳಿಗೆ ಆಫೀಸಿನ ಫೋನ್ ಬಂದಾಗ ಮಗು ಎದ್ದು ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ? ಅದನ್ನು ಅವರಿಬ್ಬರೂ ಕೂತು ಮಾತಾಡಿಕೊಳ್ಳಬೇಕು. ನೀವು ಅತ್ತೆಯಾಗಿ ಅಳಿಯನಿಗೆ ಒಂದು ಫೋನ್ ಮಾಡಿದರೂ ತಪ್ಪಿಲ್ಲ.

ಇನ್ನೊಂದು ಕೋರಿಕೆ ನನ್ನದು. ಅವಳಿಗೆ ಬಿಡುವಾದಾಗ, ಫೋನಿನಲ್ಲಿ ನಡೆಯುವ ಮೋಸಗಳ ಬಗ್ಗೆ ಸಂಘದ ಹೆಂಗಸರಿಗೆ ಅರ್ಥವಾಗುವ ಹಾಗೆ ನಮ್ಮ ಪತ್ರಿಕೆಗೆ ಬರೆದು ಕೊಡಲಿ. ಕಂಪನಿಯ ಹೆಸರು ಬೇಡ. ಪೂರಾ ಒಂದು ಪುಟ ಅವಳಿಗಾಗಿ ಇಡುತ್ತೇನೆ.