ತಿರುಪು ಕೂತ ಮಾತ್ರಕ್ಕೆ ಲೆನ್ಸ್ ಹೊಂದಿತು ಎಂದಲ್ಲ

ಪ್ರಶ್ನೆ: ನನ್ನ ಬಳಿ ಹಳೆಯ ಜೋರ್ಕಿ-4 ಫಿಲ್ಮ್ ಕ್ಯಾಮೆರಾ ಇದೆ. ಅದಕ್ಕೆ ‘ಎಂ39 ವೈಡ್ ಆಂಗಲ್’ ಎಂದು ಮಾರುತ್ತಿದ್ದ ಮಿರ್-1 ಲೆನ್ಸ್ ಕೊಂಡೆ. ಸಲೀಸಾಗಿ ಕೂತಿತು, ಆದರೆ ಇಡೀ ರೋಲ್ ಮಸುಕು. ಕ್ಯಾಮೆರಾ ಕೆಟ್ಟಿದೆಯೇ? ಇದರ ಬದಲು ಜುಪಿಟರ್-12 ಲೆನ್ಸ್ ಹಾಕಬಹುದೇ?

ಉತ್ತರ: ಕ್ಯಾಮೆರಾ ಕೆಟ್ಟಿಲ್ಲ, ದಯವಿಟ್ಟು ಬಿಚ್ಚಿಸಬೇಡಿ. ಇದೇ ಪ್ರಶ್ನೆಗೆ ಉತ್ತರಿಸಿ ಸಾಕಾಗಿದೆ. ಕೇಳುವವರ ಮೇಲಲ್ಲ, ತಿರುಪು ಕೂರುವುದನ್ನೇ ತೋರಿಸಿ ಕಣ್ಣಿಗೆ ಮಣ್ಣೆರಚುವ ಮಾರಾಟಗಾರರ ಮೇಲೆ ನನ್ನ ಸಿಟ್ಟು. ಎಂ39 ಎಂದರೆ 39 ಮಿ.ಮೀ. ವ್ಯಾಸದ ತಿರುಪು, ಅಷ್ಟೇ. ಲೆನ್ಸ್ ಫಿಲ್ಮಿನಿಂದ ಎಷ್ಟು ದೂರದಲ್ಲಿ ಕೂರಬೇಕೆಂದು ಅದು ಹೇಳುವುದಿಲ್ಲ. ಜೋರ್ಕಿಯಲ್ಲಿ ಆ ದೂರ 28.8 ಮಿ.ಮೀ. ಮಿರ್-1 ಆದರೋ ಜೆನಿಟ್ ಎಂಬ ಎಸ್‌ಎಲ್‌ಆರ್‌ಗಾಗಿ, ಅಂದರೆ ಒಳಗೆ ಕನ್ನಡಿಯಿರುವ ಕ್ಯಾಮೆರಾಗಾಗಿ, ಮಾಡಿದ ಲೆನ್ಸ್. ಅಲ್ಲಿ ನಡುವೆ ಕನ್ನಡಿಗೆ ಜಾಗ ಬೇಕು, ಹಾಗಾಗಿ 45.2 ಮಿ.ಮೀ. ನಿಮ್ಮ ಕ್ಯಾಮೆರಾದಲ್ಲಿ ಅದು 16 ಮಿ.ಮೀ.ಗೂ ಹೆಚ್ಚು ಒಳಗೆ ಕೂತಿದೆ. ಅಪರ್ಚರ್ (ಬೆಳಕು ಬರುವ ಕಿಂಡಿ) ಎಷ್ಟು ಕಿರಿದು ಮಾಡಿದರೂ ಪ್ರಯೋಜನವಿಲ್ಲ.

ಜುಪಿಟರ್-12 ಹಾಕಬಹುದು. ಆದರೆ ಅದರ ಅಪಾಯ ಬೇರೆ. ಅದರ ಮೂಲ, ಲುಡ್ವಿಗ್ ಬರ್ಟೆಲೆ 1930ರ ದಶಕದಲ್ಲಿ ಜರ್ಮನಿಯ ಝೈಸ್ ಕಂಪನಿಗಾಗಿ ರೂಪಿಸಿದ 35 ಮಿ.ಮೀ. ಬಯೋಗಾನ್ ಲೆನ್ಸ್. ಕನ್ನಡಿಯ ಅಡ್ಡಿಯಿಲ್ಲದ ಕ್ಯಾಮೆರಾ ಎಂಬ ಅನುಕೂಲವನ್ನು ಪೂರ್ತಿ ಬಳಸಿಕೊಂಡ ವಿನ್ಯಾಸ ಅದು. ಹಿಂಬದಿಯ ದಪ್ಪ ಗಾಜು ಉಬ್ಬಿಕೊಂಡು ಶಟರ್ ಪರದೆಯ ಸಮೀಪದವರೆಗೂ ಇಳಿಯುತ್ತದೆ. ಲೈಕಾ ಎಂ5 ಮತ್ತು ಸಿಎಲ್‌ನಂತೆ ಒಳಗೆ ಬೆಳಕಿನ ಮೀಟರಿನ ತೋಳಿರುವ ಕ್ಯಾಮೆರಾಗಳಿಗೆ ಇದನ್ನು ಹಾಕಲೇಬಾರದು. ರಿಪೇರಿಗೆಂದು ಬಂದ ಒಂದು ಜುಪಿಟರ್-12ರ ಹಿಂಗಾಜಿನ ಮೇಲೆ ಬಿಲ್ಲಿನಂತೆ ಬಾಗಿದ ಗೀರು ಇತ್ತು. ಬಿಗಿಯಾಯಿತೆಂದು ಮಾಲೀಕರು ಇನ್ನಷ್ಟು ತಿರುಗಿಸಿದ್ದರು. ಅಂಥ ಗೀರನ್ನು ನಾನಲ್ಲ, ಯಾರೂ ಅಳಿಸಲಾರರು.

ಅನಂತ ದೂರಕ್ಕೆ ಫೋಕಸ್ ಮಾಡಿದಾಗ ಲೆನ್ಸ್ ಅತಿ ಹೆಚ್ಚು ಒಳಗಿರುತ್ತದೆ. ಆದ್ದರಿಂದ ಮೊದಲು ಹತ್ತಿರದ ದೂರಕ್ಕೆ ಇಟ್ಟುಕೊಂಡು, ಎರಡೇ ಬೆರಳಲ್ಲಿ ನಿಧಾನವಾಗಿ ತಿರುಗಿಸಿ ಕೂರಿಸಿ. ಆಮೇಲೆ ಅನಂತದ ಕಡೆಗೆ ಸರಿಸಿ. ಎಲ್ಲಿಯಾದರೂ ತಡೆದರೆ ಅಲ್ಲಿಗೇ ಬಿಡಿ. ಜೋರ್ಕಿ-4ರ ಹಿಂಬದಿ ಪೂರ್ತಿ ಕಳಚುತ್ತದೆ, ಅದೊಂದು ಅನುಕೂಲ. ಫಿಲ್ಮ್ ಇಲ್ಲದಾಗ ಶಟರನ್ನು ‘ಬಿ’ಯಲ್ಲಿ (ಗುಂಡಿ ಒತ್ತಿರುವಷ್ಟು ಹೊತ್ತು ತೆರೆದಿರುವ ಸ್ಥಾನ) ತೆರೆದು ಹಿಡಿದು, ಫಿಲ್ಮ್ ಕೂರುವ ಕಂಬಿಗಳ ಮೇಲೆ ಟ್ರೇಸಿಂಗ್ ಹಾಳೆ ಬಿಗಿಯಾಗಿ ಹಿಡಿಯಿರಿ. ದೂರದ ಮರದ ರೆಂಬೆಗಳು ತಲೆಕೆಳಗಾಗಿ ಚೂಪಾಗಿ ಮೂಡಬೇಕು. ಮೂಡದಿದ್ದರೆ ರೋಲ್ ಹಾಕಬೇಡಿ. ಲೆನ್ಸಿನ ಹಿಂಬದಿಗೆ ಆಳವಾದ ಮುಚ್ಚಳವನ್ನೇ ಹುಡುಕಿ, ಸಾಮಾನ್ಯ ಮುಚ್ಚಳ ಗಾಜಿಗೆ ಒತ್ತುತ್ತದೆ.

ಪ್ರಶ್ನೆ: ವೈಡ್ ಲೆನ್ಸಿಗೆ ಫೋಕಸ್ ಮಾಡುವ ಅಗತ್ಯವೇ ಇಲ್ಲವಂತೆ?

ಉತ್ತರ: 28 ಮಿ.ಮೀ. ಲೆನ್ಸಿನಲ್ಲಿ ಅಪರ್ಚರ್ ಎಫ್/8 ಇಟ್ಟು ಸುಮಾರು 3.3 ಮೀಟರಿಗೆ ಹೊಂದಿಸಿದರೆ 1.6 ಮೀಟರಿನಿಂದ ಆಚೆಯದೆಲ್ಲ ಸ್ಪಷ್ಟ, ನಿಜ. ಆದರೆ 35 ಮಿ.ಮೀ. ಲೆನ್ಸಿನಲ್ಲಿ ಎಫ್/2.8ಕ್ಕೆ ಎರಡು ಮೀಟರ್ ದೂರದ ಮುಖ ತೆಗೆಯುವಾಗ ನಿಮಗೆ ಸಿಗುವುದು ಹಿಂದೆ ಮುಂದೆ ಸೇರಿ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ಫೋಕಸ್ ಮಾಡಿ.

ಪ್ರಶ್ನೆ: ಲೆನ್ಸಿನ ಬೂಷ್ಟಿಗೆ ಟೂತ್‌ಪೇಸ್ಟ್ ಒಳ್ಳೆಯದೇ?

ಉತ್ತರ: ಅಲ್ಲ. ಬೂಷ್ಟಿಗಿಂತ ಮೊದಲು ಗಾಜಿನ ಮೇಲಿನ ಕೋಟಿಂಗ್ ಹೋಗುತ್ತದೆ. ಈ ಸಲಹೆ ಕೊಟ್ಟವರ ಮಾತನ್ನು ಬೇರೆ ಯಾವ ವಿಷಯದಲ್ಲೂ ಕೇಳಬೇಡಿ.

ಪ್ರಶ್ನೆ: ಜೋರ್ಕಿಯ ಲೆನ್ಸಿಗೆ ಮುಚ್ಚಳ ಹಾಕಿ ಮರೆತು ಫಿಲ್ಮ್ ಹಾಳಾಗುತ್ತಿದೆ. ಮುಚ್ಚಳ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಇಲ್ಲಿ ಅಡ್ಡಲಾಗಿ ಕನ್ನಡಿಯಿಲ್ಲ. ಲೆನ್ಸ್ ಬಿಸಿಲಿಗೆ ಮುಖಮಾಡಿದ್ದರೆ ಸೂರ್ಯ ನೇರ ಶಟರಿನ ಬಟ್ಟೆಯ ಪರದೆಯ ಮೇಲೆ ಬಿದ್ದು ತೂತು ಸುಡುತ್ತಾನೆ. ಕೆಲವು ಫ್ರೇಮ್ ಹೋದರೆ ಹೋಗಲಿ, ಪರದೆ ಉಳಿಯಲಿ.